ಹಳೆಯ ಕಾರಿನೊಳಗೆ ಮಳೆನೀರು: ಸೋರಿಕೆಯ ಮೂಲ ಹುಡುಕುವ ಕ್ರಮ

ಹಿಂದಿನ ಸೀಟಿನ ಎಡಬದಿಯಲ್ಲಿ ಕಾಲಿಡುವ ಜಾಗದ ಮ್ಯಾಟನ್ನು ಎತ್ತಿ ನೋಡಿದಾಗ ಅದರ ಕೆಳಗಿನ ಫೆಲ್ಟ್ ನೀರು ಕುಡಿದು ಭಾರವಾಗಿತ್ತು. ಬೆರಳಿನಿಂದ ಒತ್ತಿದರೆ ನೀರು ಒಸರುತ್ತಿತ್ತು. ಅದಕ್ಕೂ ಒಂದು ವಾರ ಮೊದಲೇ ಕಾರು ಸೂಚನೆ ಕೊಟ್ಟಿತ್ತು. ಬೆಳಿಗ್ಗೆ ಬಾಗಿಲು ತೆರೆದರೆ ನೆನೆದ ಗೋಣಿಚೀಲದ ವಾಸನೆ ಬರುತ್ತಿತ್ತು, ಗಾಜುಗಳೆಲ್ಲ ಒಳಗಿನಿಂದ ಮಂಜು ಕಟ್ಟಿರುತ್ತಿದ್ದವು, ಒರೆಸಿದ ಹತ್ತು ನಿಮಿಷಕ್ಕೆ ಮತ್ತೆ ಮಸುಕಾಗುತ್ತಿದ್ದವು. ಮಳೆಗಾಲದಲ್ಲಿ ಇದು ಸಹಜವೆಂದು ನಾನು ಕಡೆಗಣಿಸಿದೆ. ಒಣಗಿದ ಕಾರಿನ ಗಾಜು ಒಳಗಿನಿಂದ ದಿನವೂ ಹಾಗೆ ಮಸುಕಾಗುವುದಿಲ್ಲ ಎಂಬುದನ್ನು ಆಗಲೇ ಗಮನಿಸಿದ್ದರೆ ಫೆಲ್ಟ್ ಅಷ್ಟು ನೆನೆಯುತ್ತಿರಲಿಲ್ಲ.

ಇದು ನಮ್ಮ ತಂದೆಯವರು 1999ರಲ್ಲಿ ಕೊಂಡ ಸಣ್ಣ ಹ್ಯಾಚ್‌ಬ್ಯಾಕ್ ಕಾರು. ಅವರ ನೌಕರಿ ಇದ್ದ ವಿಜಯಪುರದಲ್ಲಿ ಬಹುಕಾಲ ಓಡಿ, ಆಮೇಲೆ ಬೆಳಗಾವಿಯ ಟಿಳಕವಾಡಿಯಲ್ಲಿರುವ ನಮ್ಮ ಮನೆಗೆ ಬಂತು. ಈ ಊರು ಬದಲಾವಣೆ ದೋಷದ ವಿಚಾರದಲ್ಲಿ ಮುಖ್ಯವಾದುದರಿಂದ ಹೇಳುತ್ತಿದ್ದೇನೆ. ವಿಜಯಪುರದಲ್ಲಿ ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ತಾಪಮಾನ 40 ಡಿಗ್ರಿ ದಾಟುವುದು ವಿಶೇಷವೇನಲ್ಲ. ಅಂಥ ಬಿಸಿಲಿನಲ್ಲಿ ವರ್ಷಗಟ್ಟಲೆ ನಿಂತ ಕಾರಿನ ರಬ್ಬರು ಮೃದುತನ ಕಳೆದುಕೊಂಡು ಗಟ್ಟಿಯಾಗುತ್ತದೆ, ಕುಗ್ಗುತ್ತದೆ, ಮೂಲೆಗಳಲ್ಲಿ ಸೀಳುತ್ತದೆ. ತಗಡಿನ ಜೋಡಣೆಗಳಿಗೆ ಹಚ್ಚಿದ ಸೀಲೆಂಟೂ ಒಣಗಿ ಬಿರುಕು ಬಿಡುತ್ತದೆ. ಅಲ್ಲಿಯ ಮಳೆ ಬಂದರೂ ಒಂದೆರಡು ತಾಸು ಸುರಿದು ನಿಂತುಬಿಡುವುದರಿಂದ ಒಳಗೆ ಸೇರಿದ ಅಷ್ಟಿಷ್ಟು ನೀರು ಮರುದಿನದ ಬಿಸಿಲಿಗೆ ಆರಿಹೋಗುತ್ತದೆ, ಸೋರಿಕೆ ಇದೆಯೆಂಬುದೇ ಮಾಲೀಕರಿಗೆ ಗೊತ್ತಾಗುವುದಿಲ್ಲ. ಸಹ್ಯಾದ್ರಿಯ ಅಂಚಿನಲ್ಲಿರುವ ಬೆಳಗಾವಿಯ ಮಳೆಯ ಸ್ವಭಾವ ಬೇರೆ. ಆರಿದ್ರಾ ಮಳೆ ಹಿಡಿದರೆ ದಿನಗಟ್ಟಲೆ ಬಿಡದೆ ಜಿಟಿಜಿಟಿ ಸುರಿಯುತ್ತದೆ, ಜೊತೆಗೆ ಪಶ್ಚಿಮದ ಗಾಳಿ ಬೀಸುತ್ತದೆ, ನಡುವೆ ಆರಲು ಬಿಡುವೇ ಇರುವುದಿಲ್ಲ. ಆದ್ದರಿಂದ ಬಯಲುಸೀಮೆಯಿಂದ ಹಳೆಯ ಕಾರನ್ನು ಬೆಳಗಾವಿಗೋ ಖಾನಾಪುರಕ್ಕೋ ತರುವವರು ಮೊದಲ ಮಳೆಗಾಲದಲ್ಲಿ ವಾರಕ್ಕೊಮ್ಮೆ ಮ್ಯಾಟುಗಳನ್ನೆತ್ತಿ ಕೆಳಗೆ ಕೈಯಾಡಿಸಿ ನೋಡುವುದು ಒಳ್ಳೆಯದು.

ಮೊದಲು ಮಾಡಿದ ತಪ್ಪುಗಳು

ನೀರು ಹಿಂದಿನ ಎಡಬಾಗಿಲಿನ ಪಕ್ಕದಲ್ಲಿ ಕಂಡಿತೆಂದು ಆ ಬಾಗಿಲಿನ ರಬ್ಬರ್ ಬೀಡಿಂಗ್ ಹೊಸದಾಗಿ ಹಾಕಿಸಿದೆ. ನೀರು ನಿಲ್ಲಲಿಲ್ಲ. ಬಳಿಕ ಮುಂದಿನ ಗಾಜಿನ ಸುತ್ತ ಸ್ನಾನಗೃಹದ ಟೈಲ್ಸಿಗೆ ಬಳಸುವ ಸಿಲಿಕೋನನ್ನು ಒಂದು ಟ್ಯೂಬು ಪೂರ್ತಿ ಮೆತ್ತಿದೆ. ಆಗಲೂ ನಿಲ್ಲಲಿಲ್ಲ. ಕೊನೆಗೆ ಉದ್ಯಮಬಾಗದ ಕಡೆ ಡೆಂಟಿಂಗ್ ಕೆಲಸ ಮಾಡುವ ಒಬ್ಬ ಹಿರಿಯ ಮಿಸ್ತ್ರಿಯವರಿಗೆ ಕಾರು ತೋರಿಸಿದಾಗ ಅವರು ನೀರಿದ್ದ ಜಾಗವನ್ನು ನೋಡುವ ಮೊದಲು ಕೇಳಿದ ಪ್ರಶ್ನೆ ಇದು: "ಸರ, ಮನಿ ಮುಂದ ಗಾಡಿ ಹೆಂಗ ನಿಲ್ಲಸ್ತೀರಿ? ಮೂತಿ ಮ್ಯಾಲೋ ಕೆಳಗೋ?" ನಮ್ಮ ಮನೆಯ ಮುಂದೆ ರಸ್ತೆಯಿಂದ ಒಳಕ್ಕೆ ಒಂದು ಗೇಣಿನಷ್ಟು ಏರು ಇದೆ. ಕಾರನ್ನು ನೇರವಾಗಿ ಒಳಗೆ ನುಗ್ಗಿಸಿ ನಿಲ್ಲಿಸುವುದರಿಂದ ಅದರ ಮುಂಭಾಗ ಮೇಲೆ, ಹಿಂಭಾಗ ಕೆಳಗೆ ಇರುತ್ತದೆ. "ಹಂಗಾದ್ರ ನೀರ ಹಿಂದ ಕಂಡೈತಿ ಅಂತ ಹಿಂದಿಂದ ಬಂದೈತಿ ಅನ್ನಬ್ಯಾಡ್ರಿ," ಎಂದರು.

ನನ್ನ ಹುಡುಕಾಟದ ದಿಕ್ಕನ್ನು ಬದಲಿಸಿದ್ದು ಈ ಮಾತು. ಕಾರಿನ ನೆಲ ಸಮತಟ್ಟಾದ ತಗಡಲ್ಲ. ಅದರಲ್ಲಿ ಉದ್ದುದ್ದ ಏರುತಗ್ಗುಗಳಿವೆ, ನಡುವೆ ಉಬ್ಬಿದ ದಿಂಡು ಇದೆ, ಸೀಟಿನ ಕೆಳಗೆ ಅಡ್ಡಪಟ್ಟಿಗಳಿವೆ, ಎಲ್ಲದರ ಮೇಲೆ ನೀರು ಹೀರುವ ಫೆಲ್ಟ್ ಹಾಸಿರುತ್ತದೆ. ಮುಂದೆ ಒಳಹೊಕ್ಕ ನೀರು ಫೆಲ್ಟಿನ ಅಡಿಯಲ್ಲೇ ಹರಿದು ಅತ್ಯಂತ ತಗ್ಗಾದ ಜಾಗದಲ್ಲಿ ನಿಲ್ಲುತ್ತದೆ. ಹೊಕ್ಕ ಜಾಗದಲ್ಲಿ ಫೆಲ್ಟಿನ ಮೇಲ್ಮೈ ಒಣಗಿಯೇ ಇರಬಹುದು. ನೀರು ಕಂಡ ಜಾಗವು ನೀರು ಸೇರಿದ ಕೊನೆಯನ್ನು ಮಾತ್ರ ತಿಳಿಸುತ್ತದೆ. ಕಾರು ಯಾವ ಕಡೆ ವಾಲಿ ನಿಂತಿತ್ತು, ಗಾಳಿಗೆ ಯಾವ ಮಗ್ಗುಲು ಒಡ್ಡಿಕೊಂಡಿತ್ತು, ನಿಂತಾಗ ನೆನೆಯಿತೋ ಓಡುವಾಗ ನೆನೆಯಿತೋ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಬರೆದಿಟ್ಟುಕೊಳ್ಳುವ ತನಕ ಒಂದು ರೂಪಾಯಿಯನ್ನೂ ಖರ್ಚು ಮಾಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಅದು ಮಳೆನೀರೇ ಎಂದು ಖಚಿತಪಡಿಸಿಕೊಳ್ಳುವುದು

ಕಾರಿನೊಳಗೆ ಕಂಡ ತೇವವೆಲ್ಲ ಮಳೆಯದೇ ಆಗಿರಬೇಕಿಲ್ಲ. ಏಸಿ ಓಡುವಾಗ ಅದರ ತಂಪು ಸುರುಳಿಯ ಮೇಲೆ ಗಾಳಿಯ ತೇವ ನೀರಾಗಿ ಇಳಿಯುತ್ತದೆ. ಆ ನೀರು ಒಂದು ಸಣ್ಣ ರಬ್ಬರ್ ಕೊಳವೆಯ ಮೂಲಕ ಕಾರಿನ ಕೆಳಗೆ ತೊಟ್ಟಿಕ್ಕಬೇಕು. ಕೊಳವೆ ಧೂಳಿನಿಂದ ಕಟ್ಟಿಕೊಂಡರೆ ಅದೇ ನೀರು ಒಳಕ್ಕೆ ಸುರಿಯುತ್ತದೆ. ನಮ್ಮ ದೇಶದ ಬಲಗೈ ಚಾಲನೆಯ ಸಣ್ಣ ಕಾರುಗಳಲ್ಲಿ ಬ್ಲೋವರ್ ಮತ್ತು ತಂಪು ಸುರುಳಿ ಸಾಮಾನ್ಯವಾಗಿ ಎಡಭಾಗದ ಡ್ಯಾಶ್‌ಬೋರ್ಡಿನ ಹಿಂದೆ ಇರುವುದರಿಂದ ನೆನೆಯುವುದು ಮುಂದಿನ ಎಡ ಸೀಟಿನ ಕಾಲಿನ ಜಾಗವೇ. ಗುರುತಿಸುವುದು ಸುಲಭ: ಏಸಿ ಹಾಕಿ ಅರ್ಧ ತಾಸು ಓಡಿಸಿದ ಮೇಲೂ ಕಾರಿನ ಕೆಳಗೆ ನೀರು ತೊಟ್ಟಿಕ್ಕದೆ ಒಳಗೆ ತೇವ ಕಂಡರೆ ಕೊಳವೆ ಕಟ್ಟಿದೆಯೆಂದೇ ತಿಳಿಯಬೇಕು. ಹೀಟರಿನ ಸುರುಳಿ ಸೋರಿದರೆ ಬರುವುದು ಕೂಲಂಟ್, ಅಂದರೆ ಎಂಜಿನ್ನನ್ನು ತಂಪಾಗಿಡುವ ದ್ರವ. ಅದಕ್ಕೆ ಬಣ್ಣವಿರುತ್ತದೆ, ಸಿಹಿಯಾದ ವಾಸನೆಯಿರುತ್ತದೆ, ಬೆರಳಿಗೆ ಜಿಡ್ಡು ಹತ್ತುತ್ತದೆ, ಮುಂದಿನ ಗಾಜಿನ ಒಳಮೈಯಲ್ಲಿ ಒರೆಸಿದರೂ ಹೋಗದ ಪೊರೆ ಕಟ್ಟುತ್ತದೆ, ಬಾಟಲಿಯಲ್ಲಿ ಕೂಲಂಟಿನ ಮಟ್ಟ ಇಳಿಯುತ್ತದೆ. ಇದನ್ನು ಮಳೆನೀರೆಂದು ಭಾವಿಸಿ ಬಿಟ್ಟರೆ ಎಂಜಿನ್ ಬಿಸಿಯೇರಿ ಕೆಡುತ್ತದೆ. ಹಿಂದಿನ ಗಾಜಿಗೆ ವೈಪರ್ ಇರುವ ಕಾರುಗಳಲ್ಲಿ ಅದರ ನೀರಿನ ಪೈಪು ಕಾರಿನೊಳಗಿಂದಲೇ ಹಾದುಹೋಗುತ್ತದೆ. ಅದು ಕಳಚಿದ್ದರೆ ಗುಂಡಿ ಒತ್ತಿದಾಗಲೆಲ್ಲ ಒಳಗೆ ನೀರಾಗುತ್ತದೆ.

ನಮ್ಮ ಕಾರಿನ ನೀರಿಗೆ ಬಣ್ಣವಿರಲಿಲ್ಲ, ಜಿಡ್ಡಿರಲಿಲ್ಲ. ಆ ವಾರ ಏಸಿ ಹಾಕಿಯೇ ಇರಲಿಲ್ಲ. ನಿಂತಲ್ಲೇ, ರಾತ್ರಿಯ ಮಳೆಗೆ ನೆನೆಯುತ್ತಿತ್ತು.

ಬಿಚ್ಚುವುದು, ಒಣಗಿಸುವುದು

ಒಣಗಿಸದೆ ಹುಡುಕಲು ಹೊರಟರೆ ಹೊಸ ನೀರಾವುದು ಹಳೆಯ ನೀರಾವುದು ಎಂದು ತಿಳಿಯುವುದೇ ಇಲ್ಲ. ಆದ್ದರಿಂದ ಮೊದಲು ಬ್ಯಾಟರಿಯ ನೆಗೆಟಿವ್ ತಂತಿಯನ್ನು ಕಳಚಿ, ಮುಂದಿನ ಎರಡೂ ಸೀಟುಗಳ ಬೋಲ್ಟುಗಳನ್ನು ತೆಗೆದು ಸೀಟುಗಳನ್ನು ಹೊರಗಿಡಬೇಕು. ಏರ್‌ಬ್ಯಾಗ್ ಇರುವ ಕಾರುಗಳಲ್ಲಿ ಸೀಟಿನ ಕೆಳಗೆ ಹಳದಿ ಬಣ್ಣದ ಕನೆಕ್ಟರ್ ಇದ್ದರೆ, ಬ್ಯಾಟರಿ ಕಳಚಿದ ಮೇಲೆ ಹತ್ತು ನಿಮಿಷವಾದರೂ ಬಿಟ್ಟು ಆಮೇಲಷ್ಟೇ ಅದನ್ನು ಮುಟ್ಟಬೇಕು. ಬಾಗಿಲ ಹೊಸ್ತಿಲಿನ ಪ್ಲಾಸ್ಟಿಕ್ ಪಟ್ಟಿಗಳನ್ನು ಎತ್ತಿದರೆ ಕಾರ್ಪೆಟ್ಟಿನ ಅಂಚು ಸಡಿಲವಾಗುತ್ತದೆ. ಕಾರ್ಪೆಟ್ಟನ್ನು ಹಿಂದಿನಿಂದ ಮುಂದಕ್ಕೆ ಸುರುಳಿ ಸುತ್ತುತ್ತ ಬಂದರೆ ಹರಿಯದೆ ಬರುತ್ತದೆ. ನಮ್ಮ ಕಾರಿನ ಫೆಲ್ಟನ್ನು ಹಿಂಡಿದಾಗ ಅರ್ಧ ಬಕೆಟ್ಟಿಗೂ ಹೆಚ್ಚು ನೀರು ಬಂತು. ಬಿಸಿಲೇ ಕಾಣದ ಆ ವಾರದಲ್ಲಿ ಅದು ಮಹಡಿಯ ಪಡಸಾಲೆಯಲ್ಲಿ, ಫ್ಯಾನಿನ ಕೆಳಗೆ, ಮಗುಚಿ ಮಗುಚಿ ಹಾಕಿದ ಮೇಲೆ ಆರಲು ಐದು ದಿನ ಹಿಡಿಯಿತು. ಕಾರಿನೊಳಗೇ ಬಿಟ್ಟು ಕಿಟಕಿ ತೆರೆದರೆ ಒಣಗುತ್ತದೆಂದು ಯಾರಾದರೂ ಹೇಳಿದರೆ ನಂಬಬಾರದು. ಮೇಲ್ಮೈ ಆರಿದರೂ ತಗಡಿಗೆ ಅಂಟಿದ ಕೆಳಪದರ ತಿಂಗಳುಗಟ್ಟಲೆ ಒದ್ದೆಯಾಗಿಯೇ ಉಳಿದು ನೆಲವನ್ನು ತುಕ್ಕು ಹಿಡಿಸುತ್ತದೆ.

ತಗಡು ಬತ್ತಲೆಯಾದ ಮೇಲೆ ಅದನ್ನು ಬಟ್ಟೆಯಿಂದ ಒರೆಸಿ, ಬೆಳಕು ಬಿಟ್ಟು ನಿಧಾನವಾಗಿ ನೋಡಬೇಕು. ನೀರು ಮತ್ತೆ ಮತ್ತೆ ಹರಿದ ದಾರಿಯಲ್ಲಿ ಧೂಳಿನ ಸಣ್ಣ ಗೆರೆಗಳು ಉಳಿದಿರುತ್ತವೆ. ನಮ್ಮ ಕಾರಿನಲ್ಲಿ ಅಂಥ ಗೆರೆಯೊಂದು ಎಡಭಾಗದ ಡ್ಯಾಶ್‌ಬೋರ್ಡಿನ ಕೆಳಗಿನಿಂದ ಹೊರಟು, ಹೊಸ್ತಿಲಿನ ಒಳಮಗ್ಗುಲಿಗೆ ಒತ್ತಿಕೊಂಡು, ಮುಂದಿನ ಸೀಟಿನ ಅಡ್ಡಪಟ್ಟಿಯ ಸಂದಿಯಲ್ಲಿ ನುಸುಳಿ ಹಿಂದಕ್ಕೆ ಹೋಗಿತ್ತು. ಮಿಸ್ತ್ರಿಯವರ ಊಹೆ ಸರಿಯೆಂದು ಅಲ್ಲಿಗೆ ಮುಕ್ಕಾಲು ಪಾಲು ಖಚಿತವಾಯಿತು. ಸೀಟ್ ಬೆಲ್ಟುಗಳನ್ನೂ ಪೂರ್ತಿ ಹೊರಗೆಳೆದು ನೋಡುವುದು ಒಳ್ಳೆಯದು. ಬೆಲ್ಟಿನ ಮೇಲೆ ನೀರಿನ ಕಲೆಯ ಗೆರೆ ಇದ್ದರೆ ನೀರು ಛಾವಣಿಯಿಂದಲೋ ಮುಂದಿನ ಹಿಂದಿನ ಬಾಗಿಲುಗಳ ನಡುವಿನ ಕಂಬದ ಒಳಗಿನಿಂದಲೋ ಇಳಿಯುತ್ತಿದೆ ಎಂದರ್ಥ. ನಮ್ಮಲ್ಲಿ ಬೆಲ್ಟು ಸ್ವಚ್ಛವಾಗಿತ್ತು, ಛಾವಣಿಯ ಒಳಬಟ್ಟೆಯ ಅಂಚಿನಲ್ಲೂ ಕಲೆಯಿರಲಿಲ್ಲ. ಹೀಗೆ ಮೇಲ್ಭಾಗದ ಅರ್ಧ ಕಾರನ್ನು ಪರೀಕ್ಷೆಯ ಪಟ್ಟಿಯಿಂದ ಬಿಡಬಹುದಾಯಿತು.

ನೀರು ಬಿಟ್ಟು ಪರೀಕ್ಷಿಸುವುದು

ಈ ಪರೀಕ್ಷೆಗೆ ಇಬ್ಬರು ಬೇಕು: ಹೊರಗೆ ಪೈಪು ಹಿಡಿದವರು ಒಬ್ಬರು, ಒಳಗೆ ಟಾರ್ಚ್ ಹಿಡಿದು ಕೂತವರು ಒಬ್ಬರು. ಸರ್ವಿಸ್ ಸ್ಟೇಷನ್ನಿನ ಒತ್ತಡದ ನೀರು ಇದಕ್ಕೆ ಬೇಡವೇ ಬೇಡ. ಅದು ಸರಿಯಿರುವ ರಬ್ಬರಿನ ಸಂದಿಯಲ್ಲೂ ನೀರು ನುಗ್ಗಿಸಿ ಇಲ್ಲದ ದೋಷವನ್ನು ತೋರಿಸುತ್ತದೆ. ಹಿತ್ತಲಿನ ಗಿಡಗಳಿಗೆ ನೀರು ಹಾಕುವ ಪೈಪಿನ ಬಾಯಿಗೆ ಏನನ್ನೂ ಸಿಕ್ಕಿಸದೆ, ಬೆರಳನ್ನೂ ಒತ್ತದೆ, ನೀರು ಸುಮ್ಮನೆ ಹರಿದು ಬೀಳುವಂತೆ ಹಿಡಿಯಬೇಕು. ಕಾರು ಮಳೆಯಲ್ಲಿ ಹೇಗೆ ವಾಲಿ ನಿಲ್ಲುತ್ತಿತ್ತೋ ಹಾಗೆಯೇ ನಿಂತಿರಬೇಕು. ಸಮನೆಲದಲ್ಲಿ ಪರೀಕ್ಷಿಸಿ ಏನೂ ಕಾಣದೆ ಹೋದವರು ಅನೇಕರಿದ್ದಾರೆ.

ಪರೀಕ್ಷೆ ಕೆಳಗಿನಿಂದ ಮೇಲಕ್ಕೆ ಸಾಗಬೇಕು. ಛಾವಣಿಯ ಮೇಲೆ ಮೊದಲು ನೀರು ಬಿಟ್ಟರೆ ಅದು ಗಾಜು, ಬಾಗಿಲು, ಹೊಸ್ತಿಲು ಎಲ್ಲದರ ಮೇಲೂ ಹರಿಯುತ್ತದೆ, ಒಳಗೆ ಹನಿ ಕಂಡಾಗ ಅದು ಯಾವ ದಾರಿಯಿಂದ ಬಂದದ್ದೆಂದು ಹೇಳಲಾಗುವುದಿಲ್ಲ. ಮೊದಲು ಹೊಸ್ತಿಲು ಮತ್ತು ಚಕ್ರದ ಗೂಡು, ಬಳಿಕ ಬಾಗಿಲಿನ ಕೆಳಭಾಗ, ಬಾಗಿಲಿನ ಗಾಜು, ವೈಪರಿನ ಕೆಳಗಿನ ಜಾಲರಿ, ಮುಂದಿನ ಗಾಜು, ಕೊನೆಗೆ ಛಾವಣಿ. ಪ್ರತಿ ಜಾಗಕ್ಕೂ ಹತ್ತು ನಿಮಿಷ ಕೊಡಬೇಕು. ಎರಡು ನಿಮಿಷಕ್ಕೆ ಬೇಸತ್ತು ಮುಂದಿನದಕ್ಕೆ ಹೋದರೆ, ಹಿಂದಿನ ಜಾಗದಿಂದ ನಿಧಾನವಾಗಿ ಬಂದ ನೀರಿಗೆ ಮುಂದಿನ ಜಾಗವನ್ನು ದೂರಬೇಕಾಗುತ್ತದೆ. ಒಳಗೆ ತಗಡಿನ ಮೇಲೆ ಚಾಕ್‌ಪೀಸಿನ ಪುಡಿಯನ್ನು ತೆಳುವಾಗಿ ಉದುರಿಸಿದ್ದೆ. ಅದರ ಮೇಲೆ ಒಂದೇ ಹನಿ ಹರಿದರೂ ಕಪ್ಪು ಗೆರೆ ಮೂಡುತ್ತದೆ. ತಗ್ಗಾದ ಆರು ಜಾಗಗಳಲ್ಲಿ ದಿನಪತ್ರಿಕೆಯ ಹಾಳೆಗಳನ್ನು ಮಡಚಿ, ಒಂದರಿಂದ ಆರರವರೆಗೆ ನಂಬರು ಬರೆದು ಇಟ್ಟಿದ್ದೆ.

ಹೊಸ್ತಿಲು, ಚಕ್ರದ ಗೂಡು, ಮುಂದಿನ ಬಾಗಿಲು ಮೂರರಲ್ಲೂ ಏನೂ ಕಾಣಲಿಲ್ಲ. ವೈಪರಿನ ಕೆಳಗಿನ ಜಾಲರಿಯ ಮೇಲೆ ನೀರು ಬಿಟ್ಟು ನಾಲ್ಕು ನಿಮಿಷವಾಗಿತ್ತು. ಒಳಗೆ ಕೂತಿದ್ದ ಮಗಳು "ಅಪ್ಪಾ, ಬಂತು, ಬ್ಲೋವರ್ ಡಬ್ಬಿಯಿಂದ ಬರಾಕತ್ತೈತಿ" ಎಂದು ಕೂಗಿದಳು. ಗ್ಲೋವ್ ಬಾಕ್ಸನ್ನು ಮೊದಲೇ ಕಳಚಿಟ್ಟಿದ್ದರಿಂದ ಅವಳಿಗೆ ಆ ಜಾಗ ನೇರವಾಗಿ ಕಂಡಿತು. ಹೊರಗಿನ ಗಾಳಿಯನ್ನು ಒಳಗೆಳೆಯುವ ಬಾಯಿಯಿಂದ ನೀರು ಬ್ಲೋವರಿನ ಡಬ್ಬಿಗೆ ಇಳಿದು, ಅದರ ಜೋಡಣೆಯ ಸಂದಿಯಲ್ಲಿ ತೊಟ್ಟಿಕ್ಕಿ, ಚಾಕ್ ಪುಡಿಯಲ್ಲಿ ಗೆರೆ ಎಳೆಯುತ್ತ ಹಿಂದಕ್ಕೆ ಸಾಗುತ್ತಿತ್ತು. ಇನ್ನೊಂದು ಆರೇಳು ನಿಮಿಷಕ್ಕೆ ಹಿಂದಿನ ಎಡಬದಿಯ ನಾಲ್ಕನೇ ನಂಬರಿನ ಹಾಳೆ ನೆನೆಯಿತು. ತಿಂಗಳಿಡೀ ನಾನು ಬಾಗಿಲಿನಲ್ಲಿ ಹುಡುಕಿದ ನೀರು ಇದೇ.

ಜಾಲರಿಯ ಕೆಳಗಿನ ತೊಟ್ಟಿ

ಬಾನೆಟ್ಟಿನ ಹಿಂಬದಿಗೂ ಮುಂದಿನ ಗಾಜಿನ ಬುಡಕ್ಕೂ ನಡುವೆ, ವೈಪರುಗಳು ಕೂತಿರುವಲ್ಲಿ, ಒಂದು ಅಡ್ಡ ತೊಟ್ಟಿ ಇರುತ್ತದೆ. ಗಾಜಿನಿಂದ ಜಾರಿದ ಮಳೆನೀರೆಲ್ಲ ಜಾಲರಿಯ ಮೂಲಕ ಇದಕ್ಕೆ ಬಿದ್ದು, ಎರಡೂ ಕೊನೆಗಳಲ್ಲಿರುವ ತೂತುಗಳಿಂದ ಚಕ್ರದ ಗೂಡಿನ ಕಡೆಗೆ ಹೊರಗೆ ಹೋಗಬೇಕು. ಬ್ಲೋವರ್ ಗಾಳಿ ಎಳೆದುಕೊಳ್ಳುವ ಬಾಯಿಯೂ ಇದೇ ತೊಟ್ಟಿಯಲ್ಲಿ, ಸುತ್ತ ಸ್ವಲ್ಪ ಎತ್ತರದ ಕಟ್ಟೆಯೊಂದಿಗೆ ಇರುತ್ತದೆ. ತೂತುಗಳು ಕಟ್ಟಿಕೊಂಡರೆ ತೊಟ್ಟಿ ತುಂಬಿ, ನೀರು ಕಟ್ಟೆ ದಾಟಿ ಒಳಕ್ಕೆ ಬರುತ್ತದೆ. ಎಷ್ಟು ನೀರು ಎಂಬುದನ್ನು ಲೆಕ್ಕ ಹಾಕಿದರೆ ಈ ಜಾಗದ ಮಹತ್ವ ತಿಳಿಯುತ್ತದೆ. ಒಂದು ಚದರ ಮೀಟರ್ ಜಾಗದ ಮೇಲೆ 1 ಮಿಲಿಮೀಟರ್ ಮಳೆ ಬಿದ್ದರೆ ಅದು 1 ಲೀಟರ್ ನೀರು. ಗಾಜು ಮತ್ತು ಅದರ ಸುತ್ತಲಿನ ಒಂದು ಚದರ ಮೀಟರಿನಷ್ಟು ಜಾಗದ ನೀರು ಮಾತ್ರ ತೊಟ್ಟಿಗೆ ಸೇರುತ್ತದೆಂದು ಹಿಡಿದರೂ, ರಾತ್ರಿ 40 ಮಿಲಿಮೀಟರ್ ಮಳೆಯಾದರೆ 40 ಲೀಟರ್ ನೀರು ಆ ಎರಡು ತೂತುಗಳಿಂದಲೇ ಹೊರಹೋಗಬೇಕು. ಅದರಲ್ಲಿ ಇಪ್ಪತ್ತನೇ ಒಂದು ಪಾಲು ಒಳಗೆ ತಿರುಗಿದರೂ ಎರಡು ಲೀಟರ್ ನೀರು ಫೆಲ್ಟಿಗೆ ಸೇರುತ್ತದೆ.

ವೈಪರಿನ ಕೈಗಳನ್ನೂ ಜಾಲರಿಯನ್ನೂ ಬಿಚ್ಚಿದಾಗ ಕಂಡದ್ದು ಎಲೆಯ ಕೆಸರು. ನಮ್ಮ ಗೇಟಿನ ಪಕ್ಕದಲ್ಲಿ ದೊಡ್ಡ ಗುಲ್‌ಮೊಹರ್ ಮರವಿದೆ. ಮಾವು, ಹಲಸಿನಂಥ ಮರಗಳ ಅಗಲ ಎಲೆಗಳು ಜಾಲರಿಯ ಮೇಲೆಯೇ ನಿಲ್ಲುತ್ತವೆ, ಕೈಯಿಂದ ಎತ್ತಿ ಎಸೆಯಬಹುದು; ಗುಲ್‌ಮೊಹರಿನ ಅಕ್ಕಿಕಾಳಿನಷ್ಟು ಸಣ್ಣ ಎಲೆಗಳು ಜಾಲರಿಯ ಸೀಳುಗಳಲ್ಲಿ ಸಲೀಸಾಗಿ ಇಳಿದು, ಬೇಸಗೆಯ ಧೂಳಿನೊಂದಿಗೆ ಕಲೆತು, ಮೊದಲ ಮಳೆಗೆ ನೆನೆದು, ಬಾಗಿಲು ಹಾಕಿದಂತೆ ತೂತನ್ನು ಮುಚ್ಚಿಬಿಡುತ್ತವೆ. ಎಡಗಡೆಯ ತೂತು ಪೂರ್ತಿ ಮುಚ್ಚಿತ್ತು, ಬಲಗಡೆಯದು ಅರೆಬರೆ. ಕಾರಿನ ಮೂತಿ ಮೇಲಾಗಿ ನಿಂತದ್ದರಿಂದ ಬಾನೆಟ್ಟಿನ ಹಿಂಭಾಗದ ನೀರೂ ಮುಂದಕ್ಕೆ ಹೋಗದೆ ತೊಟ್ಟಿಗೇ ಬರುತ್ತಿತ್ತು.

ಕೆಸರನ್ನು ಕೈಯಿಂದಲೂ ಚಮಚದಿಂದಲೂ ಮೇಲಕ್ಕೆ ಎತ್ತಿ ತೆಗೆಯಬೇಕು. ನೀರು ಬಿಟ್ಟು ತೂತಿನೊಳಕ್ಕೆ ತಳ್ಳಿದರೆ ಅದು ಕೊಳವೆಯ ಒಳಗೆ, ಕೈಯೇ ನಿಲುಕದ ಜಾಗದಲ್ಲಿ ಹೋಗಿ ಕೂರುತ್ತದೆ. ಪೂರ್ತಿ ತೆಗೆದ ಮೇಲೆ ಬಾಗುವಂಥ ಪ್ಲಾಸ್ಟಿಕ್ ತಂತಿಯನ್ನು ಕೆಳಗಿನಿಂದ ಮೇಲಕ್ಕೆ ಆಡಿಸಿ, ಕೊನೆಯಲ್ಲಿ ಒಂದು ತಂಬಿಗೆ ನೀರು ಸುರಿದು ಅದು ಚಕ್ರದ ಹಿಂದೆ ಒಂದೇ ಧಾರೆಯಾಗಿ ಇಳಿಯುವುದನ್ನು ನೋಡಬೇಕು. ಕಬ್ಬಿಣದ ಸರಳನ್ನು ಚುಚ್ಚಬಾರದು; ಒಳಗಿನ ಬಣ್ಣ ಕೆರೆದುಹೋದರೆ ಮುಂದಿನ ವರ್ಷ ಅಲ್ಲೇ ತುಕ್ಕಿನ ತೂತು ಬೀಳುತ್ತದೆ. ಖಾಲಿಯಾದ ತೊಟ್ಟಿಯ ತಳವನ್ನು ಸ್ಕ್ರೂಡ್ರೈವರಿನ ಹಿಡಿಯಿಂದ ಮೆಲ್ಲಗೆ ತಟ್ಟಿ ಸದ್ದು ಕೇಳಬೇಕು. ಗಟ್ಟಿ ತಗಡು ಕಣಕಣ ಎನ್ನುತ್ತದೆ, ತುಕ್ಕು ತಿಂದದ್ದು ಮಂದವಾಗಿ ಸದ್ದು ಮಾಡುತ್ತದೆ. ನಮ್ಮಲ್ಲಿ ತಗಡು ಗಟ್ಟಿಯಿತ್ತು, ಒಂದು ಜೋಡಣೆಯ ಸೀಲೆಂಟ್ ಮಾತ್ರ ಬಿರುಕು ಬಿಟ್ಟಿತ್ತು. ಅದನ್ನು ಕೆರೆದು, ತುಕ್ಕುನಿರೋಧಕ ಪ್ರೈಮರ್ ಹಚ್ಚಿ ಒಣಗಿಸಿ, ಗಾಡಿಗಳಿಗೆಂದೇ ಬರುವ ಸೀಮ್ ಸೀಲೆಂಟನ್ನು ಎಳೆದೆವು.

ಇದೇ ಸಮಯದಲ್ಲಿ ಎಂಜಿನ್ ಕೋಣೆಗೂ ಒಳಗಿಗೂ ನಡುವಿನ ಗೋಡೆಯಲ್ಲಿ ತಂತಿಗಳ ಕಟ್ಟು, ಆಕ್ಸಿಲರೇಟರ್ ಕೇಬಲ್, ಸ್ಪೀಡೋಮೀಟರ್ ಕೇಬಲ್ ಹಾದುಬರುವ ತೂತುಗಳಿಗೆ ಕೂರಿಸಿದ ರಬ್ಬರ್ ಬಳೆಗಳನ್ನೂ (ಗ್ರೋಮೆಟ್) ನೋಡಿಬಿಡುವುದು ಲೇಸು. ಹಳೆಯ ಕಾರುಗಳಲ್ಲಿ ಹಾರ್ನ್, ಫಾಗ್ ಲ್ಯಾಂಪ್, ಮ್ಯೂಸಿಕ್ ಸಿಸ್ಟಮ್ ಕೂರಿಸುವಾಗ ಹೊಸ ತಂತಿಗಾಗಿ ಗ್ರೋಮೆಟನ್ನು ಸೀಳಿ ಹಾಗೇ ಬಿಟ್ಟಿರುವುದು ಅತಿ ಸಾಮಾನ್ಯ. ತಂತಿಯ ಮೇಲೆ ಬಿದ್ದ ನೀರು ತಂತಿಯನ್ನೇ ಹಿಡಿದು ಒಳಗೆ ಬರುತ್ತದೆ. ತಂತಿಯನ್ನು ಗ್ರೋಮೆಟ್ಟಿಗೆ ಮೊದಲು ಕೆಳಕ್ಕೆ ಬಳುಕುವಂತೆ ಕಟ್ಟಿದರೆ ನೀರು ಆ ಬಳುಕಿನ ತಳದಲ್ಲೇ ತೊಟ್ಟಿಕ್ಕಿಹೋಗುತ್ತದೆ.

ಎರಡನೆಯ ಸೋರಿಕೆ

ತೊಟ್ಟಿ ಸ್ವಚ್ಛವಾದ ಮೇಲೆ ಫೆಲ್ಟನ್ನು ಒಳಗೆ ಹಾಕುವ ಆತುರ ನನಗಿತ್ತು. ಮಿಸ್ತ್ರಿಯವರು ಬೇಡವೆಂದರು, ಹಳೆಯ ಕಾರಿನಲ್ಲಿ ಒಂದೇ ಸೋರಿಕೆ ಇರುವುದು ಅಪರೂಪ, ದೊಡ್ಡದು ನಿಂತ ಮೇಲೆ ಸಣ್ಣದು ಕಾಣುತ್ತದೆ ಎಂಬುದು ಅವರ ಅನುಭವ. ಬರಿಯ ತಗಡಿನ ಮೇಲೆ ಹಾಳೆಗಳನ್ನಿಟ್ಟು ಪುನರ್ವಸು ಮಳೆಯ ಮೂರು ರಾತ್ರಿ ಕಾರನ್ನು ಹೊರಗೆ ಬಿಟ್ಟೆವು. ಎರಡನೆಯ ಬೆಳಿಗ್ಗೆ ನಾಲ್ಕನೇ ಹಾಳೆಯ ಒಂದು ಅಂಚು ನೆನೆದಿತ್ತು, ಮೂರನೆಯ ಬೆಳಿಗ್ಗೆಯೂ ನೆನೆದಿತ್ತು. ಮುಂದಿನ ಹಾಳೆಗಳೆಲ್ಲ ಒಣಗಿಯೇ ಇದ್ದವು. ಈ ಸಲ ನೀರು ನಿಜವಾಗಿಯೂ ಹಿಂದಿನ ಎಡಬಾಗಿಲಿನಿಂದಲೇ ಬರುತ್ತಿತ್ತು. ಆ ಬಾಗಿಲಿಗೆ ಹೊಸ ಬೀಡಿಂಗ್ ಹಾಕಿಸಿದ್ದೆ, ಹತ್ತು ರೂಪಾಯಿಯ ನೋಟನ್ನು ಬಾಗಿಲಿನಲ್ಲಿ ಸಿಕ್ಕಿಸಿ ಎಳೆದು ನೋಡಿದಾಗ ಸುತ್ತಲೂ ಒಂದೇ ಬಿಗುವಿತ್ತು. ಹಾಗಿದ್ದೂ ನೀರು ಬಂದದ್ದರಿಂದ ಬಾಗಿಲಿನ ಒಳರಚನೆಯನ್ನು ತಿಳಿಯಬೇಕಾಯಿತು.

ಬಾಗಿಲಿನೊಳಗೆ ಮಳೆನೀರು ಇಳಿಯುವುದು ದೋಷವಲ್ಲ. ಗಾಜು ಮೇಲೆ ಕೆಳಗೆ ಓಡಾಡುವ ಸಂದಿಯ ರಬ್ಬರು ನೀರನ್ನು ಪೂರ್ತಿ ತಡೆಯುವಂತೆ ಮಾಡಿದ್ದಲ್ಲ. ಸ್ವಲ್ಪ ನೀರು ಎಲ್ಲ ಕಾರುಗಳಲ್ಲೂ ಗಾಜಿನ ಮೈಹಿಡಿದು ಬಾಗಿಲಿನ ಪೊಳ್ಳಿಗೆ ಇಳಿಯುತ್ತದೆ, ತಳದಲ್ಲಿರುವ ಸಣ್ಣ ತೂತುಗಳಿಂದ ಹೊರಗೆ ಹೋಗುತ್ತದೆ. ಈ ನೀರು ಒಳಗಿನ ಅಲಂಕಾರದ ಹಲಗೆಗೆ ತಾಗದಂತೆ, ಹಲಗೆಯ ಹಿಂದೆ ತಗಡಿಗೆ ಒಂದು ಪ್ಲಾಸ್ಟಿಕ್ ಹಾಳೆಯನ್ನು ಕಪ್ಪು ಅಂಟಿನಿಂದ ಅಂಟಿಸಿರುತ್ತಾರೆ. ಕಾರುಗಳಲ್ಲಿ ಅತ್ಯಂತ ಅಗ್ಗದ, ಅತ್ಯಂತ ಅಲಕ್ಷ್ಯಕ್ಕೆ ಒಳಗಾದ, ಆದರೆ ಬಹಳ ಮುಖ್ಯವಾದ ವಸ್ತು ಇದು. ಗಾಜಿನ ಯಂತ್ರವನ್ನೋ ಲಾಕನ್ನೋ ರಿಪೇರಿ ಮಾಡುವಾಗ ಅದನ್ನು ಹರಿದು ಪಕ್ಕಕ್ಕೆ ಸರಿಸಿ, ಮತ್ತೆ ಅಂಟಿಸದೆ ಹಲಗೆ ಮುಚ್ಚಿಬಿಡುತ್ತಾರೆ. ನಮ್ಮ ಕಾರಿನ ಆ ಬಾಗಿಲಿನಲ್ಲಿ ಹಾಳೆಯ ಕೆಳಗಿನ ಮೂರನೇ ಒಂದು ಭಾಗವೇ ಇರಲಿಲ್ಲ. ಒಳಗಿಳಿದ ನೀರು ಹಲಗೆಯ ಹಿಂದೆ ಹರಿದು, ಬೀಡಿಂಗಿನ ಒಳಮಗ್ಗುಲಿನಲ್ಲೇ ನೆಲಕ್ಕೆ ಬೀಳುತ್ತಿತ್ತು. ಬೀಡಿಂಗ್ ಎಷ್ಟು ಹೊಸದಾದರೂ ಅದನ್ನು ತಡೆಯಲಾರದು.

ದಪ್ಪನೆಯ ಪಾಲಿಥಿನ್ ಹಾಳೆಯನ್ನು ಹಳೆಯ ಹಾಳೆಯ ಅಳತೆಗೆ ಕತ್ತರಿಸಿ, ಬ್ಯುಟೈಲ್ ಅಂಟುಪಟ್ಟಿಯಿಂದ ಅಂಟಿಸಿದೆವು. ಅಂಟಿಸುವಾಗ ಹಾಳೆಯ ಕೆಳ ಅಂಚನ್ನು ಬಾಗಿಲಿನ ತಗಡಿನಲ್ಲಿರುವ ಸೀಳಿನೊಳಕ್ಕೆ ಸಿಕ್ಕಿಸಬೇಕು, ಆಗ ಹಾಳೆಯ ಮೇಲೆ ಇಳಿದ ನೀರು ಮತ್ತೆ ಪೊಳ್ಳಿಗೇ ಬೀಳುತ್ತದೆ. ಅಂಚನ್ನು ಹೊರಗೆ ಬಿಟ್ಟು ಅಂಟಿಸಿದರೆ ಮಾಡಿದ ಕೆಲಸ ವ್ಯರ್ಥ. ತಳದ ತೂತುಗಳನ್ನು ಬೆಂಕಿಕಡ್ಡಿಯಿಂದ ಬಿಡಿಸಿದಾಗ ಕೆಂಪು ಮಣ್ಣಿನ ಗಟ್ಟಿಗಳು ಉದುರಿದವು. ಖಾನಾಪುರ, ಜಾಂಬೋಟಿ ಕಡೆಗೆ ಹೋಗಿಬಂದ ಕಾರುಗಳಲ್ಲಿ ಇದು ಇದ್ದೇ ಇರುತ್ತದೆ. ಬ್ರೇಕ್ ಹಾಕಿದಾಗ ಬಾಗಿಲಿನೊಳಗೆ ನೀರು ತುಳುಕಿದ ಸದ್ದು ಕೇಳುತ್ತಿದ್ದರೆ ಬೇರೇನನ್ನೂ ನೋಡದೆ ಈ ತೂತುಗಳನ್ನು ಬಿಡಿಸಬೇಕು.

ನಮ್ಮಲ್ಲಿ ಇಲ್ಲದ, ಬೇರೆಡೆ ಇರಬಹುದಾದ ಮೂಲಗಳು

ಮುಂದಿನ ಗಾಜಿನ ಸೋರಿಕೆಗೆ ಎರಡು ಬಗೆಯ ಚಿಕಿತ್ಸೆ ಇದೆ. ಅಂಬಾಸಡರ್, ಪ್ರೀಮಿಯರ್ ಪದ್ಮಿನಿ, ಮಾರುತಿ 800ರಂಥ ಗಾಡಿಗಳಲ್ಲಿ ಗಾಜು ದಪ್ಪ ರಬ್ಬರಿನ ಚೌಕಟ್ಟಿನಲ್ಲಿ ಕೂತಿರುತ್ತದೆ. ರಬ್ಬರಿನ ತುಟಿಯನ್ನು ಹಳೆಯ ಎಟಿಎಂ ಕಾರ್ಡಿನಿಂದ ಮೆಲ್ಲಗೆ ಎತ್ತಿ, ಗಟ್ಟಿಯಾಗದೆ ಮೆತ್ತಗೇ ಉಳಿಯುವ ಬಗೆಯ ಸೀಲೆಂಟನ್ನು ಒಳಗೆ ತುಂಬಬಹುದು. ರಬ್ಬರು ಮೂಲೆಯಲ್ಲಿ ಸೀಳಿದ್ದರೆ ಹೊಸದನ್ನೇ ಹಾಕಿಸಬೇಕು. ಈಚಿನ ಕಾರುಗಳಲ್ಲಿ ಗಾಜನ್ನು ಯುರೆಥೇನ್ ಅಂಟಿನಿಂದ ತಗಡಿಗೇ ಅಂಟಿಸಿರುತ್ತಾರೆ. ಅದು ಸೋರಿದರೆ ಗಾಜು ತೆಗೆದು, ಅಡಿಯ ತುಕ್ಕನ್ನು ಕೆರೆದು, ಪ್ರೈಮರ್ ಹಚ್ಚಿ ಮತ್ತೆ ಅಂಟಿಸುವುದೇ ಸರಿಯಾದ ದಾರಿ. ಎಂದಾದರೂ ಗಾಜು ಬದಲಿಸಿದ ಕಾರಾದರೆ ಈ ಜಾಗದ ಮೇಲೆ ಹೆಚ್ಚು ಅನುಮಾನವಿರಲಿ.

ಸಿಲಿಕೋನಿನ ಬಗ್ಗೆ ಸ್ಪಷ್ಟವಾಗಿ ಹೇಳಬೇಕು. ಹುಳಿ ವಾಸನೆ ಬರುವ ಸ್ನಾನಗೃಹದ ಸಿಲಿಕೋನ್ ಒಣಗುವಾಗ ಅಸಿಟಿಕ್ ಆಮ್ಲವನ್ನು ಬಿಡುತ್ತದೆ, ಬಣ್ಣ ಹೋದ ತಗಡಿಗೆ ಅದು ತಾಗಿದರೆ ತುಕ್ಕು ಬೇಗ ಹಿಡಿಯುತ್ತದೆ. ಅದರ ಪದರ ಉಳಿದ ಜಾಗದಲ್ಲಿ ಮುಂದೆ ಬಣ್ಣವೂ ಹಿಡಿಯುವುದಿಲ್ಲ, ಯುರೆಥೇನೂ ಹಿಡಿಯುವುದಿಲ್ಲ. ನಾನು ಮೆತ್ತಿದ್ದನ್ನು ಪ್ಲಾಸ್ಟಿಕ್ ಪಟ್ಟಿಯಿಂದ ಕೆರೆದು ತೆಗೆಯಲು ಒಂದು ಪೂರ್ತಿ ಮಧ್ಯಾಹ್ನ ಬೇಕಾಯಿತು. ಸೋರಿಕೆಯ ಬಾಯಿ ಗೊತ್ತಿಲ್ಲದೆ ಮೆತ್ತಿದ ಸೀಲೆಂಟು ಒಮ್ಮೊಮ್ಮೆ ನೀರು ಹೊರಹೋಗುವ ದಾರಿಯನ್ನೇ ಮುಚ್ಚಿ ಸೋರಿಕೆಯನ್ನು ಹೆಚ್ಚಿಸುತ್ತದೆ.

ಡಿಕ್ಕಿಯಲ್ಲಿ, ಸ್ಟೆಪ್ನಿಯ ಗುಂಡಿಯಲ್ಲಿ ನೀರು ನಿಂತರೆ ಹಿಂದಿನ ದೀಪಗಳ ಗ್ಯಾಸ್ಕೆಟ್, ಡಿಕ್ಕಿಯ ಬೀಡಿಂಗ್, ಛಾವಣಿಯ ಅಂಚಿನ ಪಟ್ಟಿಯ ಕೆಳಗಿನ ಜೋಡಣೆ, ಆಂಟೆನಾದ ಬುಡ ಇವುಗಳನ್ನು ಈ ಕ್ರಮದಲ್ಲೇ ನೋಡಬಹುದು. ಪರೀಕ್ಷೆಗಾಗಿ ಯಾರನ್ನೂ ಡಿಕ್ಕಿಯೊಳಗೆ ಕೂರಿಸಿ ಬಾಗಿಲು ಹಾಕಬಾರದು, ಮಕ್ಕಳನ್ನಂತೂ ಖಂಡಿತ ಕೂರಿಸಬಾರದು. ಹಿಂದಿನ ಸೀಟಿನ ಬೆನ್ನನ್ನು ಮಡಚಿ ಅಲ್ಲಿಂದಲೇ ಬೆಳಕು ಬಿಟ್ಟು ನೋಡಿದರೆ ಸಾಕು. ನೆಲದ ತಗಡಿನಲ್ಲಿ ಕಾರ್ಖಾನೆಯಲ್ಲೇ ಇಟ್ಟ ದುಂಡು ತೂತುಗಳಿಗೆ ರಬ್ಬರ್ ಬಿರಡೆಗಳಿರುತ್ತವೆ. ನಿಂತಾಗ ನೆನೆಯದೆ, ನೀರು ತುಂಬಿದ ರಸ್ತೆಯಲ್ಲಿ ಓಡಿಸಿದ ದಿನ ಮಾತ್ರ ನೆನೆಯುವ ಕಾರುಗಳಲ್ಲಿ ಮೊದಲು ನೋಡಬೇಕಾದದ್ದು ಈ ಬಿರಡೆಗಳನ್ನೇ.

ನೀರಿನ ಪರೀಕ್ಷೆಯಲ್ಲಿ ಏನೂ ಸಿಗದಿದ್ದರೆ ಗಾಳಿಯ ಪರೀಕ್ಷೆ ಉಳಿದಿದೆ. ಎಲ್ಲ ಗಾಜು ಬಾಗಿಲುಗಳನ್ನು ಮುಚ್ಚಿ, ಬ್ಲೋವರನ್ನು ಹೊರಗಿನ ಗಾಳಿ ಎಳೆಯುವಂತೆ ಇಟ್ಟು ಪೂರ್ಣ ವೇಗದಲ್ಲಿ ಓಡಿಸಿದರೆ ಒಳಗೆ ಸ್ವಲ್ಪ ಒತ್ತಡ ಹುಟ್ಟುತ್ತದೆ. ಹೊರಗಿನಿಂದ ಬೀಡಿಂಗುಗಳ ಮೇಲೆ ಸೋಪಿನ ನೀರು ಹಚ್ಚುತ್ತ ಹೋದರೆ ಸಂದಿ ಇರುವಲ್ಲಿ ಗುಳ್ಳೆ ಏಳುತ್ತದೆ. ಒಳಗಿನ ಗಾಳಿ ಹೊರಹೋಗಲೆಂದು ಹಿಂಭಾಗದಲ್ಲಿ ಇಟ್ಟಿರುವ ಕಿಂಡಿಗಳನ್ನು ಮೊದಲು ಟೇಪಿನಿಂದ ಮುಚ್ಚದಿದ್ದರೆ ಒತ್ತಡ ನಿಲ್ಲುವುದಿಲ್ಲ. ಪರೀಕ್ಷೆ ಮುಗಿದ ಮೇಲೆ ಆ ಟೇಪನ್ನು ನೆನಪಿನಿಂದ ತೆಗೆಯಬೇಕು.

ಪುಷ್ಯ ಮಳೆಯ ಮೊದಲ ವಾರ ಆರೂ ಹಾಳೆಗಳು ಬೆಳಿಗ್ಗೆ ಗರಿಗರಿಯಾಗಿ ಸಿಕ್ಕವು. ಆಮೇಲಷ್ಟೇ ನೆಲದ ತುಕ್ಕಿನ ಕಲೆಗಳನ್ನು ಕೆರೆದು ಪ್ರೈಮರ್ ಹಚ್ಚಿ, ಫೆಲ್ಟ್ ಹಾಸಿ, ಸೀಟುಗಳನ್ನು ಕೂರಿಸಿ ಬೋಲ್ಟು ಬಿಗಿದೆವು. ನಾಲ್ಕನೇ ಹಾಳೆಯ ಜಾಗದಲ್ಲಿ ಫೆಲ್ಟಿನ ಒಂದು ಮೂಲೆಯನ್ನು ಅಂಟಿಸದೆ ಎತ್ತಲು ಬರುವಂತೆ ಬಿಟ್ಟಿದ್ದೇನೆ. ಗುಲ್‌ಮೊಹರ್ ಮರವನ್ನು ಕಡಿಯುವ ಮಾತಿಲ್ಲ, ಕಾರು ನಿಲ್ಲಿಸಲು ಬೇರೆ ಜಾಗವೂ ಇಲ್ಲ. ಜಾಲರಿಯ ಅಡಿಗೆ ಸೊಳ್ಳೆಪರದೆಯ ಬಲೆಯನ್ನು ಕತ್ತರಿಸಿ ಹಾಕಿದ್ದೇನೆ. ಆ ಬಲೆಯೇ ಎಲೆಯಿಂದ ಕಟ್ಟಿಕೊಳ್ಳುವ ಸಾಧ್ಯತೆ ಇರುವುದರಿಂದ ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಅದನ್ನು ಎತ್ತಿ ಝಾಡಿಸಿ, ಎರಡೂ ಕೊನೆಗೆ ಒಂದೊಂದು ತಂಬಿಗೆ ನೀರು ಸುರಿದು, ಚಕ್ರದ ಹಿಂದೆ ಧಾರೆ ಇಳಿಯುವುದನ್ನು ನೋಡುತ್ತೇನೆ.